ನಾಲ್ಕು ತಾಲೂಕುಗಳ ಅಳಿಯ

ಅತಿ ಹೆಚ್ಚು ಅಂಕ ತಂದ ಕಬಡ್ಡಿ ಆಟಗಾರ ಯಾರು ಎಂದು ನಾನೇ ಕಟ್ಟಿದ ವ್ಯವಸ್ಥೆಯನ್ನು ಮೊದಲ ಬಾರಿಗೆ ಕೇಳಿದಾಗ ಪರದೆಯ ಮೇಲೆ ಬಂದ ಉತ್ತರ ಒಂದೇ ಪದ: ಅಳಿಯ. ಕೊಪ್ಪಳದಲ್ಲಿ ಅಳಿಯ, ಗಂಗಾವತಿಯಲ್ಲಿ ಅಳಿಯ, ಕುಷ್ಟಗಿ, ಯಲಬುರ್ಗಾಗಳಲ್ಲೂ ಅಳಿಯ. ಒಂದೇ ಭಾನುವಾರ, ಒಂದೇ ಹೊತ್ತಿನಲ್ಲಿ, ಎರಡು ತಾಲೂಕುಗಳಲ್ಲಿ ಆಡಿ ಎರಡೂ ಕಡೆ ಗೆದ್ದಿದ್ದ. ನನ್ನ ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದುಕೊಂಡು ಸಾಲುಸಾಲಾಗಿ ಓದಿದೆ. ತಪ್ಪಿರಲಿಲ್ಲ.

ನಾಲ್ಕು ತಾಲೂಕುಗಳ ಊರ ತಂಡಗಳು ಸೇರಿ ಪಂದ್ಯಾವಳಿ ಸಮಿತಿಯೊಂದನ್ನು ಮಾಡಿಕೊಂಡಿದ್ದವು. ಪ್ರತಿವರ್ಷ ಹನ್ನೆರಡು ಮಂದಿಯನ್ನು ಆರಿಸಿ ಹೊರಜಿಲ್ಲೆಯ ತರಬೇತಿ ಶಿಬಿರಕ್ಕೆ ಕಳಿಸುವುದು ಅದರ ಕೆಲಸ. ಆ ಹನ್ನೆರಡು ಹೆಸರುಗಳು ಅಧ್ಯಕ್ಷರ ಬಾಯಿಂದಲೇ ಹೊರಡುತ್ತಿದ್ದವು ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾವ ಆಧಾರದ ಮೇಲೆ ಎಂದು ಯಾರೂ ಕೇಳಿರಲಿಲ್ಲ. ನಾನು ಕೇಳಿದೆ. ವಿಶ್ವವಿದ್ಯಾಲಯದಲ್ಲಿ ಗಣಕ ವಿಜ್ಞಾನ ಓದಿ, ಭಾಗ್ಯನಗರದ ಮನೆಗೆ ಮರಳಿ, ಪಕ್ಕದ ಕೊಪ್ಪಳದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದವಳ ಪ್ರಶ್ನೆ ಅವರಿಗೆ ಹಿಡಿಸಲಿಲ್ಲ. ಬಹುಶಃ ಬಾಯಿ ಮುಚ್ಚಿಸಲೆಂದೇ ಲೆಕ್ಕವನ್ನು ನನ್ನ ತಲೆಗೆ ಕಟ್ಟಿದರು. ಅಂಕದ ಮೇಲೆಯೇ ಆಯ್ಕೆಯಾಗಬೇಕು ಎಂಬ ಷರತ್ತು ಹಾಕಿ ನಾನೂ ಒಪ್ಪಿಕೊಂಡೆ.

ಅಂಕಗಳು ವಾಟ್ಸಾಪಿನಲ್ಲಿ ಬರುತ್ತಿದ್ದವು: ಕೆಲವರದು ಎಕ್ಸೆಲ್, ಕೆಲವರದು ಮಣ್ಣಿನ ಬೆರಳಚ್ಚು ಬಿದ್ದ ಹಾಳೆಯ ಫೋಟೊ. ಪೈಥಾನಿನಲ್ಲಿ ನಾಲ್ಕು ಹಂತ ಬರೆದೆ. ಒಂದು ಅವನ್ನು ಒಳಗೆ ತೆಗೆದುಕೊಳ್ಳುವುದು, ಇನ್ನೊಂದು ತೊಳೆದು ಒಂದೇ ಅಚ್ಚಿಗೆ ತರುವುದು, ಮತ್ತೊಂದು ತಾಳೆ ನೋಡುವುದು, ಕೊನೆಯದು ಎಪಿಐ, ಎಂದರೆ ಯಾರು ಬೇಕಾದರೂ ಮೊಬೈಲಿನಿಂದ ಕೇಳಿ ಉತ್ತರ ಪಡೆಯಬಹುದಾದ ಕಿಂಡಿ. ತಾಳೆಯ ನಿಯಮ ಸರಳವಾಗಿತ್ತು: ಆಟಗಾರರ ಅಂಕಗಳೂ ತಂಡಕ್ಕೆ ಬಂದ ಹೆಚ್ಚುವರಿ ಅಂಕಗಳೂ ಕೂಡಿ ತಂಡದ ಮೊತ್ತವಾಗಬೇಕು. ಆಗದಿದ್ದರೆ ಫಲಿತಾಂಶ ಹೊರಬೀಳಕೂಡದು. ಎಲ್ಲವನ್ನೂ ಕಂಟೇನರುಗಳಲ್ಲಿ ಕಟ್ಟಿಟ್ಟೆ. ಬುತ್ತಿ ಕಟ್ಟಿದಂತೆ ಅದು; ರೊಟ್ಟಿ, ಪಲ್ಯ, ಚಟ್ನಿಪುಡಿ ಎಲ್ಲ ಒಂದೇ ಗಂಟಿನಲ್ಲಿದ್ದರೆ ಯಾವ ಹೊಲದ ಬದುವಿನಲ್ಲಿ ಬಿಚ್ಚಿದರೂ ಊಟ ಒಂದೇ. ಕಾಲೇಜಿನ ಹಳೆಯ ಕಂಪ್ಯೂಟರಿನಲ್ಲೂ ಕುಷ್ಟಗಿಯ ಮೊಬೈಲ್ ಅಂಗಡಿಯ ಲ್ಯಾಪ್‌ಟಾಪಿನಲ್ಲೂ ಅದು ಒಂದೇ ರೀತಿ ಓಡಿತು. ಎರಡೂ ಕಡೆ ಒಂದೇ ರೀತಿ "ಅಳಿಯ" ಎಂದಿತು.

ಆ ಮೊಬೈಲ್ ಅಂಗಡಿಯವನೇ ಕುಷ್ಟಗಿಯ ಅಂಕಗಾರ. ಸಮಾಧಾನವಿಲ್ಲದೆ ಬಸ್ಸು ಹತ್ತಿ ಅವನೆದುರು ಹೋಗಿ ನಿಂತೆ. ಇವನು ಯಾರ ಮನೆಯ ಅಳಿಯ ಎಂದು ಕೇಳಿದೆ.

"ಯಾರ ಮನಿಗೂ ಅಲ್ರಿ ಅಕ್ಕಾರ, ಊರಿಗೇ ಅಳಿಯಾ. ಮದಿವಿ ಆಗಿಲ್ಲ, ಹೋಳಿಗಿ ಊಟ ಅಷ್ಟ ಆಗೇತಿ."

ಆಮೇಲೆ ಬಿಡಿಸಿ ಹೇಳಿದ. ಹೊರಗಿನ ಆಟಗಾರರನ್ನು ಇಳಿಸಬಾರದು ಎಂಬುದು ಸಮಿತಿಯ ನಿಯಮ. ಆದರೆ ಗೆಲ್ಲಲೇಬೇಕಾದ ಪಂದ್ಯಕ್ಕೆ ಪ್ರತಿ ಊರೂ ಬೇರೆ ಊರಿನ ಒಳ್ಳೆಯ ಆಟಗಾರನನ್ನು ಕರೆಸುತ್ತದೆ. ಮೈಕಿನವನು ಅವನನ್ನು "ನಮ್ಮೂರ ಅಳಿಯ" ಎಂದು ಕೂಗುತ್ತಾನೆ. ಎದುರು ತಂಡವೂ ನಗುತ್ತದೆ, ಏಕೆಂದರೆ ಅದರಲ್ಲೂ ಒಬ್ಬ ಅಳಿಯನಿರುತ್ತಾನೆ. ಅಳಿಯನನ್ನು ಹೆಸರು ಹಿಡಿದು ಕರೆಯುವುದು ಮರ್ಯಾದೆಯಲ್ಲ. ಹಾಗಾಗಿ ಹಾಳೆಯಲ್ಲೂ ಅಳಿಯ ಎಂದೇ ಬೀಳುತ್ತದೆ. ಮರ್ಯಾದೆ ಎಷ್ಟು ಅನುಕೂಲದ ವಸ್ತು ಎಂದು ಯೋಚಿಸುತ್ತ ವಾಪಸು ಬಸ್ಸಿನಲ್ಲಿ ಕೂತೆ. ಹೋಳಿಗೆ ಬಡಿಸಿ ಹೆಸರನ್ನು ಉಣ್ಣುವ ಉಪಚಾರವಿದು.

ಆ ಅಳಿಯಂದಿರಲ್ಲಿ ಒಬ್ಬ ನಮ್ಮ ಓಣಿಯ ತುದಿಯಲ್ಲೇ ಇದ್ದ. ವೆಲ್ಡಿಂಗ್ ಅಂಗಡಿಯಲ್ಲಿ ಗೇಟು, ಕಿಟಕಿ ಕೂಡಿಸುವ ಹುಡುಗ. ಭಾಗ್ಯನಗರದ ತಂಡ ಒಡೆದುಹೋಗಿ ವರ್ಷಗಳಾಗಿದ್ದವು. ಆಡಬೇಕೆಂದರೆ ಅವನು ಯಾವುದಾದರೂ ಊರಿಗೆ ಅಳಿಯನಾಗಲೇಬೇಕಿತ್ತು. ನಾನು ಲೆಕ್ಕ ಕಟ್ಟುತ್ತಿರುವುದು ತಿಳಿದು ಅವನೇ ಕೇಳಿದ.

"ಅಕ್ಕಾ, ನಿನ್ನ ಕಂಪ್ಯೂಟರ್ ನನ್ನ ಹೆಸರ ಹೇಳತೈತೇನು?"

"ಇಲ್ಲ. ಅಳಿಯ ಅಂತೈತಿ."

"ಹೆಣ್ಣ ಕೊಡಲಾರದ ಅಳಿಯನ್ನ ಮಾಡ್ಯಾರ ನೋಡು," ಎಂದು ನಕ್ಕ. ಆಮೇಲೆ ಕೈಗವಸು ಬಿಚ್ಚುತ್ತ ಮೆಲ್ಲಗೆ ಹೇಳಿದ: "ಈ ವರ್ಷ ದಾಟಿದ್ರ ಶಿಬಿರಕ್ಕ ನನ್ನ ವಯಸ್ಸು ಮುಗೀತೈತಿ."

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಪಾಠದ ನಡುವೆ ಮಾತು ತಪ್ಪುತ್ತಿತ್ತು. ಬಿಡುವು ಸಿಕ್ಕಾಗಲೆಲ್ಲ ಆ ಕಿಂಡಿಗೆ ಅದೇ ಪ್ರಶ್ನೆ ಹಾಕುತ್ತಿದ್ದೆ, ಉತ್ತರ ತಾನಾಗಿ ಬದಲಾಗಿರಬಹುದು ಎಂಬಂತೆ.

ಸಮಿತಿ ಕೊಪ್ಪಳದಲ್ಲಿ ಸೇರಿತು. ಅಧ್ಯಕ್ಷರು ಕುಷ್ಟಗಿ ಕಡೆಯ ದಾಳಿಂಬೆ ತೋಟದ ಯಜಮಾನರು. ಆ ವರ್ಷದ ಫೈನಲಿನಲ್ಲಿ ಗೆದ್ದ ಶೀಲ್ಡ್ ಅವರ ಊರಿನಲ್ಲೇ ಇತ್ತು. ನಾನು ವಿಷಯ ಎತ್ತಿದೊಡನೆ ಅವರು ನಗುತ್ತಲೇ ಪರಿಹಾರ ಕೊಟ್ಟರು.

"ಮೇಡಮ್ಮಾರ, ಆ ಅಳಿಯಾಂದಿರನ್ನ ಒರಸಿಬಿಡ್ರಿ. ಇಲ್ಲದ ಮನಷ್ಯಾಗ ಅಂಕಾ ಎದಕ್ಕ?"

ಕರೆತಂದವರು ಇವರು, ಗೆದ್ದವರು ಇವರು, ಈಗ ಇಲ್ಲ ಎನ್ನುವವರೂ ಇವರೇ. ಆದರೆ ಕೂಗಾಡಲಿಲ್ಲ. ಎಲ್ಲರೆದುರಿಗೇ ಒರೆಸುತ್ತೇನೆ ಎಂದು ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಕೊಟ್ಟು, ದತ್ತಾಂಶದ ಒಂದು ಪ್ರತಿ ಮಾಡಿ, ಅದರಲ್ಲಿ ಅಳಿಯನ ಸಾಲುಗಳನ್ನೆಲ್ಲ ತೆಗೆದು, ತಾಳೆ ನೋಡದೆ ಉಳಿದ ಅಂಕಗಳನ್ನಷ್ಟೇ ಕೂಡಿಸುವಂತೆ ಮೊದಲಿನಿಂದ ಓಡಿಸಿದೆ. ಗೋಡೆಯ ಮೇಲೆ ಮೊತ್ತಗಳು ಕುಸಿಯತೊಡಗಿದವು. ಗಂಗಾವತಿಯ ಒಂದು ಊರು ತಾನು ಗೆದ್ದಿದ್ದ ಸೆಮಿಫೈನಲ್ ಸೋತಿತು. ಯಲಬುರ್ಗಾದ ತಂಡ ಮೊದಲ ಸುತ್ತಿನಲ್ಲೇ ಹೊರಬಿತ್ತು. ಕೊನೆಗೆ ಫೈನಲ್: ಎರಡೇ ಅಂಕಗಳಿಂದ ಗೆದ್ದಿದ್ದ ಅಧ್ಯಕ್ಷರ ಊರು ಹೀನಾಯವಾಗಿ ಸೋತಿತ್ತು. ಇಲ್ಲದ ಮನುಷ್ಯನೇ ಗೆಲ್ಲಿಸಿದ್ದಾದರೆ ಶೀಲ್ಡನ್ನು ವಾಪಸು ಕೊಡಬೇಕಲ್ಲವೇ ಎಂದು ಕೇಳಿದೆ.

ಯಾರೋ ಅಳಿಯನ ಅಂಕಗಳನ್ನು ಒಟ್ಟಾಗಿ ತಂಡದ ಹೆಸರಿಗೆ ಹಾಕಿಬಿಡಿ ಎಂದರು. ದಾಳಿ ಮಾಡಿದ ಕಾಲು ತಂಡದ್ದೋ ಒಬ್ಬನದ್ದೋ ಎಂದು ಕೇಳಿದೆ. ನಿಯಮವನ್ನು ಎಲ್ಲ ಊರುಗಳೂ ಮುರಿದಿವೆ. ಫಲಿತಾಂಶಗಳು ಉಳಿಯಲಿ, ಆದರೆ ಪ್ರತಿ ಸಾಲಿನಲ್ಲಿ ಆಡಿದವನ ಹೆಸರೂ ಕರೆಸಿದ ಊರಿನ ಹೆಸರೂ ಬರಲಿ, ಅದನ್ನು ಆ ಊರಿನವರೇ ಎಲ್ಲರೆದುರು ಹೇಳಲಿ ಎಂದೆ. ಯಲಬುರ್ಗಾ ತಂಡದ ನಾಯಕ ಎದ್ದ.

"ಮೂರನೇ ನಂಬರಿನ ಕಪ್ ಮನ್ಯಾಗ ಇಟಕೊಂಡು, ಆಡಿದಾಂವ ಇಲ್ಲ ಅನ್ನಾಕ ಬಾಯಿ ಬರವಲ್ದು. ನಾವ ಕರಿಸಿದ್ವಿ. ಬರಕೋರಿ ಅಂವನ ಹೆಸರ."

ಅವನು ಹೇಳಿದ ಹೆಸರು ನಮ್ಮ ಓಣಿಯ ಹುಡುಗನದು. ಗಂಗಾವತಿಯವರೂ ಅದೇ ಹೆಸರು ಹೇಳಿದರು. ಅಧ್ಯಕ್ಷರು ಮಾತ್ರ ತಮ್ಮ ಊರಿನಲ್ಲಿ ಹೊರಗಿನವರು ಆಡೇ ಇಲ್ಲ ಎಂದು ಹೆಗಲ ಮೇಲಿನ ಟವೆಲ್ ಕೊಡವಿ ಎದ್ದುಹೋದರು. ಫೈನಲಿನಲ್ಲಿ ಅವರಿಗೆ ಆಡಿದವನೂ ತಾನೇ ಎಂದು ಹುಡುಗ ನನಗೆ ಹೇಳಿದ್ದ; ಆ ಸಾಲು ತುಂಬದಿದ್ದರೆ ಅಂಕಪಟ್ಟಿಯಲ್ಲಿ ಅವನು ಹದಿಮೂರನೆಯವನು. ಹೋಗುವವರು ಹನ್ನೆರಡೇ ಮಂದಿ.

ನಾನು ಬಾಗಿಲು ಬಡಿಯಲು ಹೋಗಲಿಲ್ಲ. ತಾಳೆಯ ನಿಯಮವನ್ನು ಅದು ಇದ್ದಂತೆಯೇ ಬಿಟ್ಟು, ಅಳಿಯ ಎಂಬುದು ಹೆಸರಲ್ಲ ಎಂಬ ಒಂದು ಸಾಲನ್ನಷ್ಟೇ ಸೇರಿಸಿದೆ. ಹೆಸರಿಲ್ಲದ ಅಂಕ ಕೂಡಿಕೆಗೆ ಸೇರದು. ಕೂಡಿಕೆ ಹೊಂದದ ಪಂದ್ಯದ ಫಲಿತಾಂಶ ಹೊರಬೀಳದು. ಅಂದಿನಿಂದ ಫೈನಲ್ ಗೆದ್ದವರು ಯಾರು ಎಂದು ಕೇಳಿದವರಿಗೆಲ್ಲ ಕಿಂಡಿ ಒಂದೇ ಉತ್ತರ ಕೊಟ್ಟಿತು: ತೀರ್ಮಾನವಾಗಿಲ್ಲ, ಆಟಗಾರನನ್ನು ಕರೆಸಿದವರು ಹೆಸರು ಹೇಳಬೇಕಾಗಿದೆ.

ಅಧ್ಯಕ್ಷರ ಊರಿನ ಹುಡುಗರೇ ಅದನ್ನು ಮೊದಲು ನೋಡಿದ್ದು. ಪಕ್ಕದೂರಿನವರು ಮೊಬೈಲ್ ಹಿಡಿದು ಅವರನ್ನು ಕಾಡಿಸಿದ್ದರಂತೆ. ನಾನು ಚಡಪಡಿಸುತ್ತಲೇ ಇದ್ದೆ. ಹೆಸರು ಕಳಿಸುವ ಗಡುವು ಹತ್ತಿರ ಬರುತ್ತಿತ್ತು. ಒಂದು ಮಧ್ಯಾಹ್ನ ಅಧ್ಯಕ್ಷರ ಫೋನು ಬಂತು.

"ಬರಕೊಳ್ರವ್ವಾ. ನಾನ ಕರಸಿದ್ದೆ. ನನ್ನ ಗಾಡ್ಯಾಗ ಕುಂದರಿಸಿಕೊಂಡ ಬಂದಿದ್ದೆ."

ನನ್ನೊಬ್ಬಳಿಗೆ ಹೇಳಿದರೆ ಸಾಲದು, ಎಲ್ಲ ಊರುಗಳೂ ಇರುವ ಗ್ರೂಪಿನಲ್ಲಿ ಹೇಳಿರಿ ಎಂದೆ. ಫೋನು ಕಟ್ಟಾಯಿತು. ಸಂಜೆಯೊಳಗೆ ಗ್ರೂಪಿಗೆ ಅವರದೇ ದನಿಯ ಸಂದೇಶ ಬಂತು: ಹುಡುಗನ ಹೆಸರು, ಕರೆಸಿದವನು ತಾನೆಂಬ ಮಾತು, ಕೊನೆಯಲ್ಲಿ ಒಂದು ಕೆಮ್ಮು.

ಹೆಸರು ತುಂಬಿ ಓಡಿಸಿದರೆ ವ್ಯವಸ್ಥೆ ಮತ್ತೆ ನಿಂತಿತು. ಈ ಸಲ ಅವನ ಊರು ಭಾಗ್ಯನಗರ ಎಂದೂ ಬರೆದಿದ್ದೆ. ಆ ಹೆಸರಿನ ತಂಡವೇ ಇಲ್ಲ ಎಂದು ಅದು ಒಪ್ಪಲಿಲ್ಲ. ತಂಡವಿಲ್ಲದವನಿಗೂ ಊರಿರುತ್ತದೆ ಎಂಬುದನ್ನು ಅದಕ್ಕೆ ಬರೆದು ಕಲಿಸಿ, ಮತ್ತೆ ಓಡಿಸಿದೆ. ಹನ್ನೊಂದನೆಯ ಸಾಲಿನಲ್ಲಿ ಅವನಿದ್ದ.

ವೆಲ್ಡಿಂಗ್ ಅಂಗಡಿಗೆ ಹೋಗಿ ಮೊಬೈಲ್ ಮುಂದೆ ಹಿಡಿದೆ. ಮಸಿ ಹತ್ತಿದ ಬೆರಳು ತಾಗದಂತೆ ಕೈ ಹಿಂದೆ ಕಟ್ಟಿಕೊಂಡು, ತುಟಿ ಆಡಿಸುತ್ತ ತನ್ನ ಹೆಸರನ್ನೂ ಊರನ್ನೂ ಓದಿಕೊಂಡ.

"ಇನ್ನ ಅಧ್ಯಕ್ಷರ ಊರಾಗ ಹೋಳಿಗಿ ಇಲ್ಲ ಬಿಡಕ್ಕ," ಎಂದ. ಆಮೇಲೆ ಪಟ್ಟಿಯನ್ನು ಕೆಳಗೆ ಸರಿಸಲು ಹೇಳಿದ. ಇನ್ನೂ ಕೆಲವು ಸಾಲುಗಳಲ್ಲಿ ಆ ಪದ ಹಾಗೆಯೇ ಉಳಿದಿತ್ತು. "ಈ ಅಳಿಯ ನಾನಲ್ಲ. ಇಂವ ಯಾರು?"

ಗೊತ್ತಿರಲಿಲ್ಲ. ಯಾವ ಊರಿನ ಪಂದ್ಯ ಎಂದು ನೋಡಿ, ಆ ಊರಿನ ನಾಯಕನ ನಂಬರು ಹುಡುಕಿ, ಅಂಗಡಿಯ ಹೊರಗೆ ಬಂದು ಫೋನು ಹಚ್ಚಿದೆ.