ಐದನೆಯ ಕಟರ್

ಕಾಕಾರ ಬಲಗೈ ಎಷ್ಟು ನಡುಗುತ್ತಿತ್ತೆಂದರೆ ಚಹಾದ ಕಪ್ಪು ಬಸಿಯ ಮೇಲೆ ಕಟಕಟನೆ ಹಲ್ಲು ಕಡಿಯುತ್ತಿತ್ತು. ಆದರೆ ಅದೇ ಕೈಯ ಹೆಬ್ಬೆರಳಿನಿಂದ ಹಿತ್ತಾಳೆಯ ತುಂಡೊಂದನ್ನು ಸವರಿ, "ಇಲ್ಲಿ ಕೂದಲೆಳಿಯಷ್ಟು ಉಬ್ಬೈತಿ ನೋಡು" ಎನ್ನುತ್ತಿದ್ದರು. ಅಳೆದು ನೋಡಿದರೆ ಇದ್ದೇ ಇರುತ್ತಿತ್ತು. ಠಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಜೀವ ತೇಯ್ದ ಕೈ ಅದು.

ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಅವರದು ಎದುರು ಮನೆ. ಅವರು ಹುಬ್ಬಳ್ಳಿ ಕಡೆಯವರು, ನಾವು ಕುಂದಾಪುರದವರು. ನಿವೃತ್ತರಾದ ಮೇಲೆ ಗ್ಯಾಲರಿಗೆ, ಅಂದರೆ ಬಾಲ್ಕನಿಗೆ, ಗಾಜು ಹಾಕಿಸಿ, ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಪುಟ್ಟ ಮಿಲ್ಲಿಂಗ್ ಮಷಿನ್ ಇಟ್ಟುಕೊಂಡಿದ್ದರು. ಬಿಲ್ಡಿಂಗಿನವರ ಬಾಗಿಲಿಗೆಲ್ಲ ಅವರದೇ ಹಿತ್ತಾಳೆಯ ಹೆಸರುಫಲಕ. ಒಂದು ಫಲಕಕ್ಕೆ ಐದು ಬಗೆಯ ಕಟರ್, ಅಂದರೆ ಕೊರೆಯುವ ಅಲಗು, ಬೇಕು. ಒಂದರ ಕೆಲಸ ಮುಗಿದೊಡನೆ ಸ್ಪ್ಯಾನರ್ ಹಿಡಿದು ಅದನ್ನು ಬಿಚ್ಚಿ ಇನ್ನೊಂದನ್ನು ಕೂರಿಸಬೇಕು. ನಡುಗುವ ಕೈಗೆ ಅದು ಆಗದ ಮಾತು. ಹಾಗಾಗಿ ನಾನು ಬ್ಯಾಂಕಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕರೆ ಬರುತ್ತಿತ್ತು: "ತಂಗೀ, ಎರಡ ಮಿನಿಟ್ ಬಾರವಾ."

ಆ ಎರಡು ಮಿನಿಟು ಒಂದು ಗಂಟೆಗೆ ಮುಟ್ಟುತ್ತಿತ್ತು. ಅಮ್ಮ ಗೊಣಗುತ್ತಿದ್ದರು. ನನಗೋ ಇಡೀ ದಿನದಲ್ಲಿ ಅದೇ ಇಷ್ಟದ ಹೊತ್ತು. ಬಿಗಿ ಮಾಡುವಾಗ ನಾನು ವಿಪರೀತ ಬಲ ಹಾಕಿದರೆ, "ಕಬ್ಬಿಣದ ಜೋಡಿ ಜಗಳಾಡಬ್ಯಾಡವಾ, ಮಾತಾಡ್ಸು" ಎನ್ನುವರು.

ಮದುವೆ ನಿಶ್ಚಯವಾಯಿತು, ಗಂಡನ ಮನೆ ಖಾರ್‌ಘರಿಗೆ ಹೋಗುತ್ತೇನೆ ಎಂದು ಕಾಕಾರಿಗೆ ಹೇಳಿದೆ. ಮರುದಿನ ಪಕ್ಕದ ಊರು ಕಲ್ಯಾಣದ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಒಂದು ಚೀಲ ಸಾಮಾನು ತಂದರು. "ಮಷಿನ್ ತಾನ ಕಟರ್ ಬದಲಿಸ್ಕೊಳ್ಳೂ ಹಂಗ ಮಾಡೂಣು. ನಿನ್ನ ಮ್ಯಾಲ ಎಷ್ಟ ದಿನ ಭಾರ ಹಾಕ್ಲಿ?"

ಗಾಳಿಯ ಒತ್ತಡಕ್ಕೆ ಹಿಡಿತ ಬಿಡುವ ಒಂದು ಸಿಲಿಂಡರ್, ಮೇಜಿನ ಅಂಚಿಗೆ ಐದು ಗೂಡುಗಳ ಸ್ಟ್ಯಾಂಡ್. ಯಂತ್ರ ತಾನೇ ಹೋಗಿ ಹಳೆಯ ಕಟರನ್ನು ಅದರ ಗೂಡಿನಲ್ಲಿಟ್ಟು ಮುಂದಿನದನ್ನು ಕಚ್ಚಿ ತರಬೇಕು. ಲೆಕ್ಕಾಚಾರ ಅವರದು, ಕೈ ನನ್ನದು. ನನ್ನ ಜಾಗಕ್ಕೆ ಬರುವುದನ್ನು ನಾನೇ ಸ್ಕ್ರೂ ಹಾಕಿ ಕಟ್ಟಿದೆ. ಮೊದಮೊದಲು ಯಂತ್ರ ದಾರಿಯಲ್ಲೇ ಕಟರನ್ನು ಕೆಳಗೆ ಬೀಳಿಸುತ್ತಿತ್ತು. "ಇದಕ್ಕೂ ನನ್ನ ರೋಗ ಹತ್ತೇತಿ" ಎಂದು ಕಾಕಾ ನಗುತ್ತಿದ್ದರು.

ಮದುವೆಗೆ ವಾರವಿದ್ದಾಗ ಅದು ನಾಲ್ಕು ಕಟರುಗಳನ್ನು ಒಂದಾದ ಮೇಲೊಂದರಂತೆ ತಾನೇ ಬದಲಿಸಿತು. ಅವರ ಹೆಂಡತಿ, ನಮ್ಮ ಕಾಕು, ಶಿರಾ ಮಾಡಿ ಹಂಚಿದರು. ನನಗೆ ಆ ಯಂತ್ರದ ಮೇಲೆ ಹೊಟ್ಟೆಕಿಚ್ಚಾಯಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

"ಐದನೇ ಗೂಡು ಎಂತಕೆ ಖಾಲಿ ಕಾಕಾ?"

"ಅದು ಅಕ್ಷರ ಕೊರಿಯೂ ಕಟರಿಂದು. ಸೂಜಿ ಮೊನಿ ಇದ್ದಂಗ ಐತಿ, ಮಷಿನ್ ಕೈಯಾಗ ಕೊಟ್ರ ಮುರೀತೈತಿ. ನೀ ತೌರಿಗೆ ಬಂದಾಗ ಹಾಕಿಕೊಡು."

ಮೊದಲ ವರ್ಷ ಪ್ರತಿ ಭಾನುವಾರ ಹೋದೆ. ಆಮೇಲೆ ತಿಂಗಳಿಗೊಮ್ಮೆ. ಆಮೇಲೆ ಮಗು, ಬ್ಯಾಂಕಿನಲ್ಲಿ ಬಡ್ತಿ, ಒಂದಲ್ಲ ಒಂದು. ಫೋನಿನಲ್ಲಿ "ಬರ್ತೆ ಕಾಕಾ" ಎಂದರೆ, "ಅವಸರಿಲ್ಲವಾ, ಪ್ಲೇಟ್ ಎಲ್ಲಿ ಓಡಿ ಹೊಕ್ಕಾವು?" ಎನ್ನುತ್ತಿದ್ದರು.

ಕೊನೆಗೆ ಹೋದದ್ದು ಅವರ ಹನ್ನೊಂದನೆಯ ದಿನದ ಕ್ರಿಯೆಗೆ. ಗ್ಯಾಲರಿಯ ಕಪಾಟಿನಲ್ಲಿ ಹಿತ್ತಾಳೆಯ ಫಲಕಗಳು ಸಾಲಾಗಿ ನಿಂತಿದ್ದವು. ಅಂಚು, ತೂತು, ಹೂಬಳ್ಳಿ ಎಲ್ಲ ಮುಗಿದಿತ್ತು. ಹೆಸರು ಮಾತ್ರ ಒಂದರ ಮೇಲೂ ಇರಲಿಲ್ಲ.

"ಬೇರೆ ಯಾರ ಹತ್ರ ಆದ್ರೂ ಆ ಕಟರ್ ಹಾಕಿಸ್ಬಹುದಿತ್ತಲ್ಲ ಕಾಕು?"

"ಯಾರೂ ಬೇಕಾಗಿದ್ದಿಲ್ಲವಾ. ನೀ ಗಂಡನ ಮನಿಗೆ ಹ್ವಾದ ವಾರದಾಗ ಅದನ್ನೂ ಆ ಗೂಡಿನಾಗ ಇಟ್ಟು ನೋಡಿದ್ರು. ಛಲೋನ ನಡೀತು. ಮತ್ತ ತಗದಿಟ್ರು. ಯಾಕ್ರಿ ಅಂದ್ರ, 'ಅದೂ ನಡದ್ರ ಆಕಿ ಯಾಕ ಬರ್ತಾಳ?' ಅಂದ್ರು."

ಖಾರ್‌ಘರಿನಿಂದ ಠಾಣೆಗೊಂದು ಗಾಡಿ, ಅಲ್ಲಿಂದ ಡೊಂಬಿವಲಿಗೆ ಇನ್ನೊಂದು. ಬೆಳಗಿನಿಂದ ಓಡುತ್ತಲೇ ಇರುತ್ತವೆ. ಹತ್ತದೆ ಉಳಿದವಳು ನಾನು.

ಈಗ ಪ್ರತಿ ಭಾನುವಾರ ಹೋಗುತ್ತೇನೆ. ಆ ಕಟರನ್ನು ಕೈಯಿಂದಲೇ ಹಾಕಿ ಒಂದು ಫಲಕಕ್ಕೆ ಹೆಸರು ಕೊರೆಯುತ್ತೇನೆ, ಒಂದೇ ಒಂದಕ್ಕೆ. ಎಲ್ಲವನ್ನೂ ಒಮ್ಮೆಲೇ ಮುಗಿಸಿಬಿಟ್ಟರೆ ಮತ್ತೆ ಯಾವ ನೆಪದಿಂದ ಹೋಗಲಿ?