ಒಂದೇ ಎಳೆತದ ಗಂಟು

ಬೀದಿಯೆಲ್ಲ ಮಲಗಿದ ಮೇಲೆ ನಮ್ಮ ಮನೆಯ ಹಿಂದಿನಿಂದ ಒಂದು ಸಣ್ಣ ಸದ್ದು ಬರುತ್ತದೆ. ಯಾರೋ ಹಗ್ಗವನ್ನು ಮೆಲ್ಲಗೆ ಜಗ್ಗಿ ಬಿಟ್ಟ ಹಾಗೆ. ಸ್ವಲ್ಪ ಹೊತ್ತು ಬಿಟ್ಟು, ಇನ್ನೊಂದಿಷ್ಟು ಆಚೆ, ಅದೇ ಸದ್ದು ಮತ್ತೆ. ಬಿನ್ನಿಪೇಟೆಗೆ ಬಂದ ಹೊಸದರಲ್ಲಿ ಇದು ಕಳ್ಳರ ಕೆಲಸವೆಂದುಕೊಂಡು ಕಿಟಕಿಯ ಚಿಲಕವನ್ನು ಎರಡೆರಡು ಸಲ ಮುಟ್ಟಿ ನೋಡಿ ಮಲಗುತ್ತಿದ್ದೆ. ಹಿಂದುಗಡೆಯ ಜಟಕಾ ಲಾಯದಲ್ಲಿ ಹನುಮಕ್ಕ ಎಂಬಾಕೆ, ತಾನು ಕಟ್ಟಿದ ಕುದುರೆಗಳ ಗಂಟನ್ನು ಒಂದೊಂದಾಗಿ ಪರೀಕ್ಷಿಸುವ ಸದ್ದು ಅದು ಎಂದು ತಿಳಿಯಲು ಬಹಳ ದಿನ ಹಿಡಿಯಿತು. ತಿಳಿದ ಮೇಲೂ ಅನುಮಾನ ಪೂರ್ತಿ ಹೋಗಲಿಲ್ಲ. ಸರಿಯಾಗಿ ಕಟ್ಟಿದವರು ಮತ್ತೆ ಯಾಕೆ ನೋಡಬೇಕು?

ಈಗ ಬೆಳಗಿನ ಜಾವ. ಮಿಲ್ಲಿನ ಸೈರನ್ನು ಇನ್ನೂ ಕೂಗಿಲ್ಲ. ಲಾಯದ ಮುಂದಿನ ಕಲ್ಲುಹಾಸಿನ ಮೇಲೆ ಹನುಮಕ್ಕ ಬೂದುಬಣ್ಣದ ಹೆಣ್ಣುಕುದುರೆಯೊಂದನ್ನು ತಂದು ನಿಲ್ಲಿಸಿದ್ದಾಳೆ. ಐವತ್ತು ದಾಟಿದ, ಸಣಕಲು ಮೈಯ ಹೆಂಗಸು. ಸೀರೆಯ ಅಂಚನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಾಳೆ. ಕುದುರೆಯ ತಲೆಗೆ ಸುತ್ತಿದ ನೂಲುಹಗ್ಗದ ಪಟ್ಟಿಯಿಂದ ಇಳಿಬಿದ್ದ ಹಗ್ಗವನ್ನು ಕಲ್ಲುಕಂಬದ ಕಬ್ಬಿಣದ ಬಳೆಯೊಳಗೆ ತೂರಿಸುತ್ತಾಳೆ. ಕೈ ಎರಡು ಸಲ ಹೊರಳುತ್ತದೆ, ಅಷ್ಟೆ, ಗಂಟು ಬಿದ್ದಿರುತ್ತದೆ. ಅದು ಹೇಗೆ ಬಿತ್ತೆಂದು ಇಷ್ಟು ದಿನ ನೋಡಿದರೂ ನನಗೆ ಹೇಳಲು ಬರುವುದಿಲ್ಲ.

"ಬಾಯಿಗೆ ಹಾಕೋ ಕಡಿವಾಣಕ್ಕೇ ಕಟ್ಟಿದರೆ ಆಗದೇ?" ಎಂದು, ಪತ್ರಿಕೆಯ ಪುರವಣಿಗೆ ಆಕೆಯ ಬಗ್ಗೆ ಬರೆಯಲೆಂದು ಬಂದ ನಾನು ಕೇಳುತ್ತೇನೆ.

"ಅಯ್ಯೋ ತಾಯಿ, ಬೆದರಿ ಹಿಂದಕ್ಕೆ ಎಳೆದ್ರೆ ನಾಲಿಗೆ ಹರಿದುಹೋಗುತ್ತೆ. ಕಡಿವಾಣ ಓಡ್ಸೋಕೆ, ಕಟ್ಟೋಕಲ್ಲ."

ಬಳೆ ಕುದುರೆಯ ಭುಜದಷ್ಟು ಎತ್ತರದಲ್ಲಿದೆ. ನೆಲದ ಗೂಟಕ್ಕೆ ಕಟ್ಟಿದರೆ ಹಗ್ಗ ಮುಂಗಾಲಿಗೆ ಸಿಕ್ಕಿಕೊಳ್ಳುತ್ತದೆ ಎನ್ನುತ್ತಾಳೆ. ಹಗ್ಗ ಮೇವಿಗೆ ಎಟುಕುವಷ್ಟು ಉದ್ದ ಇರಬೇಕು, ಕಾಲು ದಾಟುವಷ್ಟು ಇರಕೂಡದು. ಗಂಟಿನ ಗುಟ್ಟು ಬೇರೆ. ಕುದುರೆ ತನ್ನ ಕಡೆಗೆ ಜಗ್ಗಿದಷ್ಟೂ ಅದು ಬಿಗಿಯುತ್ತದೆ. ಇಳಿಬಿಟ್ಟ ತುದಿಯನ್ನು ಮನುಷ್ಯ ಒಮ್ಮೆ ಎಳೆದರೆ, ಎಷ್ಟೇ ಬಿಗಿದಿದ್ದರೂ, ಸರ್ರನೆ ಬಿಚ್ಚಿಕೊಳ್ಳುತ್ತದೆ. "ನಿಲ್ಲೋ ಗಂಟು ಎಲ್ಲರೂ ಹಾಕ್ತಾರೆ. ಬೇಕಾದಾಗ ಬಿಡೋ ಗಂಟು ಹಾಕ್ಬೇಕು," ಎನ್ನುವಾಗ ಆಕೆಯ ಕಣ್ಣು ನನ್ನ ಮೇಲಲ್ಲ, ಕುದುರೆಯ ಕಿವಿಯ ಮೇಲಿರುತ್ತದೆ.

ಆಕೆಯ ಗಂಡ ಕೆಂಚಪ್ಪ ಜಟಕಾ ಓಡಿಸುತ್ತಿದ್ದ. ಒಮ್ಮೆ ನಾಯಂಡಹಳ್ಳಿಯ ಹತ್ತಿರ ಕುದುರೆಯನ್ನು ಗಾಡಿಯ ಚಕ್ರಕ್ಕೇ ಕಟ್ಟಿ ಮರದ ನೆರಳಿಗೆ ಹೋಗಿದ್ದನಂತೆ. ಲಾರಿಯೊಂದು ಹಾರ್ನ್ ಹೊಡೆಯಿತು. ಕುದುರೆ ಬೆದರಿ ಗಾಡಿಯನ್ನೂ ಎಳೆದುಕೊಂಡು ಹಳ್ಳಕ್ಕೆ ಬಿತ್ತು. ಬಿಡಿಸಲು ಹೋದರೆ ಗಂಟು ಕಲ್ಲಾಗಿತ್ತು. ಕುಡುಗೋಲು ತರುವಷ್ಟರಲ್ಲಿ ಕುದುರೆ ಸತ್ತಿತ್ತು. ಅದಾದ ಮೇಲೆ ಕಲಾಸಿಪಾಳ್ಯದ ಮುದುಕ ಸಾಬರೊಬ್ಬರ ಹತ್ತಿರ ಹೋಗಿ ಗಂಡಹೆಂಡಿರಿಬ್ಬರೂ ಈ ಗಂಟು ಕಲಿತರು. ಗಂಡ ತೀರಿಕೊಂಡ ಮೇಲೆ ಲಾಯದ ಯಜಮಾನ ಸಿದ್ದಬಸಪ್ಪನವರು ಆಕೆಯನ್ನು ಕೆಲಸಕ್ಕೆ ಇಟ್ಟುಕೊಂಡರು. ಆರು ಕುದುರೆ, ಆರು ಗಾಡಿ. ರಾಜಾಜಿನಗರದ ಸೈಟು ನೋಡಲು ಹೋದವರನ್ನು ಇಳಿಸಿ ಗಾಡಿಗಳು ಮರಳುವ ಹೊತ್ತಿಗೆ ಹನುಮಕ್ಕ ಬಾಗಿಲಲ್ಲಿ ನಿಂತಿರುತ್ತಾಳೆ.

"ಏನೋ ವೆಂಕಟಗಿರಿ, ಇವತ್ತೂ ಸಾರುವೆ ಕಂಬಕ್ಕೆ ಕಟ್ಟಿ ಕಾಫಿಗೆ ಹೋಗಿದ್ಯಾ? ಕುದುರೆ ಒಂದ್ಸಲ ಜಗ್ಗಿದ್ರೆ ಕಟ್ಟೋ ಮನೆ ನಿನ್ನ ತಲೆ ಮೇಲಿರುತ್ತೆ."

"ನನ್ನ ತಲೆ ಗಟ್ಟಿ ಇದೆ ಬಿಡಕ್ಕ," ಎನ್ನುತ್ತಾನೆ ಗಾಡಿಯವನು.

"ಅದು ಗೊತ್ತು. ಮನೆಯೋರ ಗೋಡೆ ಗತಿ ಏನು ಅಂತ."

ಕಳೆದ ತಿಂಗಳು ಈ ಲಾಯದ ಹುಲ್ಲಿನ ಮೆದೆಗೆ ಬೆಂಕಿ ಬಿತ್ತು. ಗೊರಸಿನ ಸದ್ದಿಗೆ ಎದ್ದು ನಾನು ಕಿಟಕಿ ತೆರೆದಾಗ ಆರೂ ಕುದುರೆಗಳು ಬೀದಿಯಲ್ಲಿದ್ದವು. ಅಕ್ಕಪಕ್ಕದವರ ಕೂಗಾಟ ಶುರುವಾದದ್ದು ಅದಾದ ಮೇಲೆ. ಹುಲ್ಲು ಹೋಯಿತು, ಅರ್ಧ ಸೂರು ಹೋಯಿತು, ಒಂದು ಕುದುರೆಯ ಕೂದಲೂ ಸುಡಲಿಲ್ಲ. ಮೊದಲ ದಿನ ಎಲ್ಲರೂ ಹನುಮಕ್ಕನನ್ನು ಹೊಗಳಿದರು. ಮಾರನೆಯ ದಿನ ಯೋಚಿಸತೊಡಗಿದರು. ಹೊಗೆಯಲ್ಲಿ, ಕತ್ತಲಲ್ಲಿ, ಒಬ್ಬ ಹೆಂಗಸು ಅಷ್ಟು ಬೇಗ ಆರು ಗಂಟು ಬಿಚ್ಚಿದ್ದು ಹೇಗೆ? ಬೆಂಕಿ ಬೀಳುವುದು ಆಕೆಗೆ ಮೊದಲೇ ಗೊತ್ತಿರಬೇಕು. ಕೊಳಾಯಿಯ ಹತ್ತಿರ ನೆರೆಮನೆಯ ಯಶೋದಮ್ಮ ಹಾಗೆಂದಾಗ ನಾನು ಇಲ್ಲ ಎನ್ನಲಿಲ್ಲ. ನನಗೂ ಹಾಗೆಯೇ ಅನ್ನಿಸಿತ್ತು.

ಸಿದ್ದಬಸಪ್ಪನವರು ಅನುಮಾನವನ್ನು ಮನಸ್ಸಿನಲ್ಲಿಟ್ಟುಕೊಳ್ಳುವವರಲ್ಲ. ಸರಪಳಿ, ಬೀಗ ತಂದರು. ಹಗ್ಗಗಳನ್ನು ಮೂಲೆಗೆ ಹಾಕಿಸಿದರು. ಸೋಮವಾರದೊಳಗೆ ನಿಜ ಹೇಳದಿದ್ದರೆ ಠಾಣೆಗೆ ದೂರು ಕೊಡುತ್ತೇನೆಂದರು. ಹನುಮಕ್ಕನಿಗೆ ಠಾಣೆಗಿಂತ ಸರಪಳಿಯದೇ ಚಿಂತೆ. ಭಾನುವಾರ ಬೆಳಗ್ಗೆ ನಾನು ಹೋದಾಗ ಅದೇ ಮಾತು ನಡೆದಿತ್ತು.

"ಕಟ್ಟೋಳಿಗೆ ಬಿಚ್ಚೋಕೆ ಬರಲ್ವಾ ಸಾವ್ಕಾರ್ರೇ?"

"ಬರುತ್ತಮ್ಮ. ಆರು ಗಂಟು ಬಿಚ್ಚೋಷ್ಟರಲ್ಲಿ ಸೂರು ತಲೆ ಮೇಲೆ ಬೀಳ್ತಿತ್ತು. ಮೊದಲೇ ಬಿಚ್ಚಿ ಇಟ್ಟಿದ್ದೆ ನೀನು. ನನ್ನ ಕಿವಿ ಮೇಲೆ ಹೂವ ಇಡಬೇಡ."

"ಹಾಗಾದ್ರೆ ನೋಡೇಬಿಡಿ. ಐದು ಕುದುರೆ ನಾನು ಕಟ್ತೀನಿ, ಒಂದಕ್ಕೆ ನಿಮ್ಮ ಬೀಗ ಹಾಕಿ. ಒಟ್ಟಿಗೆ ಬಿಡಿಸೋಣ."

"ಅಕ್ಕನ ಕಣ್ಣಿಗೆ ಬಟ್ಟೆ ಕಟ್ಟಿ ಸಾವ್ಕಾರ್ರೇ, ಹೊಗೆ ಇದ್ದ ಲೆಕ್ಕ!" ಎಂದ ವೆಂಕಟಗಿರಿ.

"ನೀನೇ ಕಟ್ಟು ಬಾರೋ. ನಿನ್ನ ಗಂಟು ನಿಂತರೆ ತಾನೆ," ಎಂದಳು ಹನುಮಕ್ಕ.

ನಿಂತವರೆಲ್ಲ ನಕ್ಕರು. ಅವನು ಕಟ್ಟಿದ ಟವಲು ನಿಜಕ್ಕೂ ಜಾರಿ ಮೂಗಿನ ಮೇಲೆ ಬಂತು. ಕೊನೆಗೆ ಕಟ್ಟಿದ್ದು ನಾನು. ಸಂದಿಯಲ್ಲಿ ಕಾಣದಂತೆ ನೋಡಿ ನೋಡಿ ಕಟ್ಟಿದೆ.

ಹನುಮಕ್ಕ ಎಡಗೈಯನ್ನು ಕುದುರೆಯ ಕತ್ತಿನ ಮೇಲಿಟ್ಟು, ಅಲ್ಲಿಂದ ಹಗ್ಗದ ಗುಂಟ ಜಾರಿಸಿ, ಬಲಗೈಯಿಂದ ತುದಿ ಎಳೆದಳು. ಹಗ್ಗ ಕಳಚಿತು. ಮುಂದಿನದು. ಅದರ ಮುಂದಿನದು. ಕುದುರೆಗಳು ಮೇವಿನಿಂದ ತಲೆಯನ್ನೂ ಎತ್ತಲಿಲ್ಲ. ಐದನೆಯ ಹಗ್ಗ ಕಳಚುವ ಹೊತ್ತಿಗೆ ಸಿದ್ದಬಸಪ್ಪನವರು ಉಡಿದಾರದಿಂದ ಬೀಗದಕೈ ಬಿಡಿಸಿಕೊಂಡಿದ್ದರಷ್ಟೆ. ಹೊಸ ಬೀಗ ತಿರುಗಲಿಲ್ಲ. ಸರಪಳಿ ಝಣಗುಟ್ಟಿದ್ದಕ್ಕೆ ಬೂದು ಕುದುರೆ ಬೆದರಿ ಹಿಂದಕ್ಕೆ ಜಗ್ಗತೊಡಗಿತು. ಅವರು ಇನ್ನೊಂದು ಕೈಯನ್ನೂ ಬಳೆಯ ಹತ್ತಿರ ತಂದರು.

"ಕೈ ಒಳಗೆ ಹಾಕ್ಬೇಡಿ! ಬೆರಳು ಹೋಗುತ್ತೆ!" ಕಣ್ಣಿನ ಬಟ್ಟೆ ಕಿತ್ತು ಓಡಿಬಂದ ಹನುಮಕ್ಕ ಕುದುರೆಯ ಕತ್ತಿಗೆ ಮೈಯೊರಗಿಸಿ ನಿಂತಳು. ಏನೋ ಗೊಣಗಿದಳು. ಕುದುರೆ ಒಂದು ಹೆಜ್ಜೆ ಮುಂದೆ ಬಂತು, ಸರಪಳಿ ಸಡಿಲವಾಯಿತು. ಆಗ ಬೀಗ ತಿರುಗಿತು.

ಸಿದ್ದಬಸಪ್ಪನವರು ಸ್ವಲ್ಪ ಹೊತ್ತು ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಸರಪಳಿಯನ್ನು ಮೂಲೆಗೆ ಎಸೆದರು. "ಬೆಂಕಿ ಬಿದ್ದ ಮೇಲೇ ಬಿಚ್ಚಿದ್ದೆ ನೀನು, ಒಪ್ಪಿದೆ. ಇವತ್ತಿಂದ ಹಗ್ಗಾನೇ ಕಟ್ಟು. ಆದ್ರೆ ಬೆಂಕಿ ಹಚ್ಚಿದ್ದು ಯಾರು? ಅದು ಗೊತ್ತಾದ್ರೆ ಅವರನ್ನ ಬಿಡೋನಲ್ಲ ನಾನು."

"ನನ್ನ ಕಣ್ಣು ಹಗ್ಗದ ಮೇಲಿತ್ತು ಸಾವ್ಕಾರ್ರೇ," ಎಂದಳು ಹನುಮಕ್ಕ. "ಹುಲ್ಲನ್ನ ಮಾತ್ರ ಇನ್ಮೇಲೆ ಕುದುರೆ ಹತ್ರ ಇಡಿಸ್ಬೇಡಿ."

ಉತ್ತರ ಬೇಗ ಬಂತು. ನನಗೆ ಬೇಗ ಬರುವ ಉತ್ತರಗಳ ಮೇಲೆ ನಂಬಿಕೆ ಕಡಿಮೆ. ಎಲ್ಲರೂ ಹೋದ ಮೇಲೆ ಕೇಳಿದೆ: "ರಾತ್ರಿ ಲಾಯದ ಬಾಗಿಲಿಗೆ ಒಳಗಿನಿಂದ ಮರದ ಅಗಳಿ ಹಾಕಿರುತ್ತೀರಿ. ನೀವು ಹಗ್ಗದ ಹತ್ತಿರ ಇದ್ದಿರಿ. ಅಗಳಿ ತೆಗೆದವರು ಯಾರು?"

ಸುತ್ತುತ್ತಿದ್ದ ಹಗ್ಗವನ್ನು ಆಕೆ ಕೆಳಗಿಟ್ಟಳು. "ಅವತ್ತು ನಿಮ್ಮ ಕಿಟಕಿ ತೆಗೆದಿತ್ತು, ಅಲ್ವಾ?"

"ತೆಗೆದಿತ್ತು. ಬಾಗಿಲಲ್ಲಿ ಯಾರೋ ನಿಂತಿದ್ದರು. ಹೊಗೆಯಲ್ಲಿ ಮುಖ ಕಾಣಲಿಲ್ಲ."

"ಕಾಣದಿದ್ದದ್ದೇ ಒಳ್ಳೇದು." ಹನುಮಕ್ಕ ಕಲ್ಲುಹಾಸಿನ ಮೇಲೆ ಕುಳಿತಳು. "ಯಾರೋ ಒಬ್ಬರು ದಣಿದು ಹುಲ್ಲಿನ ಮೇಲೆ ಮಲಗಿದ್ರು. ಬೆಂಕಿ ಕೈತಪ್ಪಿ ಬಿತ್ತು. ಓಡಿಹೋಗಬಹುದಾಗಿತ್ತು, ಹೋಗಲಿಲ್ಲ. ಅಗಳಿ ತೆಗೆದು ಬಾಗಿಲಲ್ಲೇ ನಿಂತರು. ಬಿಟ್ಟ ಕುದುರೆ ಹೆದರಿಕೊಂಡು ಮತ್ತೆ ಲಾಯಕ್ಕೇ ನುಗ್ಗುತ್ತೆ ತಾಯಿ, ಅದರ ಮನೆ ಅದೇ ಅಲ್ವಾ? ಅಡ್ಡ ನಿಲ್ಲೋರು ಇಲ್ದಿದ್ರೆ ನನ್ನ ಗಂಟಿಂದ ಏನಾಗ್ತಿತ್ತು?"

"ಅವರ ಹೆಸರು ಹೇಳಿದರೆ ನಿಮ್ಮ ಮೇಲಿನ ಮಾತು ಪೂರ್ತಿ ಹೋಗುತ್ತದಲ್ಲ? ಕೊಳಾಯಿ ಹತ್ತಿರ ಜನ ಇನ್ನೂ ಆಡಿಕೊಳ್ತಿದಾರೆ."

"ಆಡಿಕೊಳ್ಳಲಿ. ಠಾಣೆಯೋರು ಹಾಕೋ ಗಂಟಿಗೆ ಎಳೆಯೋ ತುದೀನೇ ಇರಲ್ಲ." ಆಮೇಲೆ ಮೆಲ್ಲಗೆ, "ಪೇಪರಲ್ಲಿ ನನ್ನ ಬಗ್ಗೆ ಬರೀತೀರಲ್ಲ, ಬಾಗಿಲು ಹಿಡಿದು ನಿಂತೋರು ಇನ್ನೊಬ್ಬರಿದ್ರು ಅಂತಾನೂ ಬರೀರಿ. ಹೆಸರು ಬೇಡ. ಸಾವ್ಕಾರ್ರೂ ಓದಲಿ," ಎಂದಳು.

ಅದಕ್ಕೇ ಬರೆದಿದ್ದೇನೆ. ಆ ಇನ್ನೊಬ್ಬರು ಯಾರೆಂಬುದು ಆ ವಾರದಲ್ಲೇ ನನಗೆ ತಿಳಿಯಿತು. ಹೇಗೆ ತಿಳಿಯಿತೆಂದು ಬರೆದರೆ ಹೆಸರು ಬರೆದಂತೆಯೇ ಆಗುತ್ತದೆ. ಈ ಪುರವಣಿ ಸಿದ್ದಬಸಪ್ಪನವರ ಮನೆಗೂ ಹೋಗುತ್ತದೆ. ಅವರು ಬಂದು ಕೇಳುತ್ತಾರೆ, ಠಾಣೆಯವರೂ ಕೇಳಬಹುದು. ಹೊಗೆಯಲ್ಲಿ ಮುಖ ಕಾಣಲಿಲ್ಲ ಎನ್ನುತ್ತೇನೆ. ಅದು ಸುಳ್ಳಲ್ಲ. ಆಮೇಲೆ ತಿಳಿದದ್ದನ್ನು ಮನೆಯವರಿಗೂ ಹೇಳಿಲ್ಲ, ಹೇಳುವುದೂ ಇಲ್ಲ.