ಪಾಸ್ ಇದ್ದ ದಿನ, ಮಗ್ಗ ನಿಂತ ದಿನ

ನನ್ನ ಅತ್ತಿಗೆಗೆ ಈಗ ಲೋಕ ಕಾಣುವುದು ಒಂದು ಬಳೆಯೊಳಗಿಂದ. ಹಾಗೆಂದವರು ಅವರೇ. ಕಣ್ಣಿನ ನರಕ್ಕೆ ಬಂದ ಕಾಯಿಲೆ. ಸುತ್ತಲಿಂದ ಕತ್ತಲು ಒತ್ತುತ್ತಾ ಬಂದು ನಡುವೆ ಒಂದಿಷ್ಟು ಬೆಳಕು ಉಳಿದಿದೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳೋಣ ಎಂದರು ಡಾಕ್ಟರು. ಆಸ್ಪತ್ರೆಯಿಂದ ಚಳ್ಳಕೆರೆಗೆ ಬಸ್ಸಿನಲ್ಲಿ ವಾಪಸ್ ಬರುವಾಗ ಅತ್ತಿಗೆ ಕಿಟಕಿಗೆ ಮುಖ ಮಾಡಿ ಕೂತಿದ್ದರು. ಊರು ಹತ್ತಿರವಾದಾಗ ಹೇಳಿದರು:

"ಮದುವೇಲಿ ಉಟ್ಟಿದ್ದು ಮೊಳಕಾಲ್ಮೂರು ಸೀರೆ. ಇಷ್ಟು ಹತ್ರ ಇದ್ದು ಅದನ್ನ ನೇಯೋದು ಒಂದಿನ ನೋಡ್ಲಿಲ್ಲ ಕಣೇ. ಬಳೆ ಇನ್ನೂ ಸಣ್ಣ ಆಗೋದ್ರೊಳಗೆ ನೋಡ್ಬೇಕು."

ಅವರು ಬಾಯಿಬಿಟ್ಟು ಏನನ್ನೂ ಕೇಳಿದವರಲ್ಲ. ಕೇಳಿದ್ದು ಇದೊಂದೇ. ತೋರಿಸಿಯೇ ತೀರುತ್ತೇನೆ ಎಂದುಕೊಂಡೆ.

ಆಗಷ್ಟೇ ನಮ್ಮೂರಿನಲ್ಲಿ ವ್ಯಾನ್ ಇಟ್ಟುಕೊಂಡವರೊಬ್ಬರು ಹೊಸ ಟೂರ್ ಶುರು ಮಾಡಿದ್ದರು. ಒಂದು ದಿನಕ್ಕೆ ಒಂದು ಪಾಸ್. ಅಶೋಕನ ಶಾಸನದ ಬಂಡೆ, ಬೆಟ್ಟದ ಮೇಲಿನ ಒಂದು ದೇವಸ್ಥಾನ, ಕೊನೆಗೆ ಮೊಳಕಾಲ್ಮೂರಿನಲ್ಲಿ ನೇಕಾರರ ಮನೆ. ನೋಡಿದ ಜಾಗಕ್ಕೆಲ್ಲ ಡ್ರೈವರ್ ಪಾಸಿನಲ್ಲೊಂದು ತೂತು ಹೊಡೆಯುತ್ತಾನೆ. ನನಗೆ ಇಂಥದ್ದೆಲ್ಲ ಬಹಳ ಇಷ್ಟ. ಕಾನ್ವೆಂಟಿನಲ್ಲಿ ಪಿಕ್ನಿಕ್ ಅಂದರೆ ಸಿಸ್ಟರ್ ಬೋರ್ಡಿನ ಮೇಲೆ ಪ್ರೋಗ್ರಾಂ ಬರೆದು ನಿಲ್ಲಿಸುತ್ತಿದ್ದರು. ಆ ಅಕ್ಷರಗಳನ್ನು ನೋಡಿದರೇ ಅರ್ಧ ಪಿಕ್ನಿಕ್ ಆದಂತಿರುತ್ತಿತ್ತು. ನನ್ನೊಳಗಿದ್ದ ಆ ಹುಡುಗಿ ಎಲ್ಲಿ ಹೋದಳೋ. ಪಾಸ್ ಕೈಗೆ ಬಂದಾಗ ಅವಳು ಒಂದು ಗಳಿಗೆ ಬಂದು ಪಕ್ಕದಲ್ಲಿ ನಿಂತಳು.

ದಿನ ಆರಿಸಿದವಳು ನಾನು. ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ ಇಲ್ಲದ, ರಶ್ ಇರದ ಒಂದು ವರ್ಕಿಂಗ್ ಡೇ ನೋಡಿ ಬುಕ್ ಮಾಡಿದೆ.

ವ್ಯಾನಿನಲ್ಲಿ ನಾವಿಬ್ಬರೇ. ಡ್ರೈವರ್ ದಪ್ಪ ಮೀಸೆಯ, ಮಾತಿನ ಮನುಷ್ಯ. ಗಾಜಿನ ಮುಂದೆ ಹೊಸ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿದ್ದ. ಆ ವಾಸನೆ ಮೂಗಿಗೆ ಬಡಿದರೂ ನನಗೆ ಏನೂ ಹೊಳೆಯಲಿಲ್ಲ.

ಶಾಸನದ ಬಂಡೆಯ ಗೇಟಿಗೆ ಬೀಗ. ಒಳಗೆ ಹೆಜ್ಜೇನು ಎದ್ದಿದೆಯಂತೆ. ಕಾವಲಿನವರು ಟವೆಲ್ ಹೊದ್ದು ದೂರದ ಮರದ ಕೆಳಗೆ ಕೂತಿದ್ದರು. "ಮುಂದಕ್ಕೆ ಬರಬ್ಯಾಡ್ರಿ ಅಮ್ಮಾರೇ, ಅವಕ್ಕೆ ಪಾಸ್ ಓದಕ್ ಬರಲ್ಲ," ಎಂದು ಅಲ್ಲಿಂದಲೇ ಕೂಗಿದರು. ಅತ್ತಿಗೆ ಸೆರಗು ಬಾಯಿಗೆ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ.

ಬೆಟ್ಟದ ದಾರಿಗೆ ಅಡ್ಡಲಾಗಿ ಜಲ್ಲಿ ಸುರಿದಿತ್ತು. ರಿಪೇರಿ. ವಾಹನ ಹತ್ತುವಂತಿಲ್ಲ, ನಡೆದು ಹತ್ತುವ ವಯಸ್ಸು ನಮ್ಮದಲ್ಲ. ಕೆಳಗಿನಿಂದಲೇ ಕೈಮುಗಿದೆವು.

"ಕಾಣ್ತದಾ ಅತ್ತಿಗೆ?"

"ಬೆಟ್ಟ ಕಾಣ್ತೈತೆ. ಗುಡಿ ನೀನೇ ನೋಡಿ ಹೇಳು."

ಡ್ರೈವರಿಗೆ ನಮ್ಮ ಮೇಲೆ ಅಯ್ಯೋ ಅನ್ನಿಸಿರಬೇಕು. ನೋಡದ ಜಾಗಕ್ಕೂ ತೂತು ಹೊಡೆದುಬಿಡಲೇ ಎಂದು ಕೇಳಿದ. ಬೇಡ ಎಂದೆ. ಮಂಡಕ್ಕಿ, ಮಿರ್ಚಿ ತಿಂದು ಸುಧಾರಿಸಿಕೊಂಡೆವು. ಕೆಲಸ ಕೆಟ್ಟಾಗ ಸಿಸ್ಟರ್ "ಮೇಕ್ ಡೂ, ಗರ್ಲ್ಸ್" ಅನ್ನುತ್ತಿದ್ದರು, ಇದ್ದುದರಲ್ಲೇ ತೂಗಿಸಿ ಎಂದು. ನನಗೆ ಬಂಡೆಯೂ ಬೇಡ, ಬೆಟ್ಟವೂ ಬೇಡ. ಮಗ್ಗ ಒಂದು ಸಿಕ್ಕರೆ ಸಾಕು ಎಂದು ಮನಸ್ಸಿನಲ್ಲೇ ತೂಗಿಸಿದೆ.

ಮೊಳಕಾಲ್ಮೂರಿನ ನೇಕಾರರ ಬೀದಿಗೆ ಬಂದಾಗ ಮಧ್ಯಾಹ್ನ ಇಳಿಯುತ್ತಿತ್ತು. ಬೀದಿ ವಿಚಿತ್ರವಾಗಿ ಸುಮ್ಮನಿತ್ತು. ಮಗ್ಗದ ಸದ್ದು ಬೀದಿಯ ತುದಿಗೇ ಕೇಳಿಸುತ್ತದೆ ಎಂದು ಕೇಳಿದ್ದೆ. ಒಂದು ಮನೆಯ ಮುಂದೆ ವ್ಯಾನ್ ನಿಂತಾಗ, ನಡುವಯಸ್ಸಿನ ಹೆಂಗಸೊಬ್ಬರು ಹೊರಗೆ ಬಂದು, ಒಳಕ್ಕೆ ತಿರುಗಿ "ಎವರೋ ವಚ್ಚಾರು," ಯಾರೋ ಬಂದಿದ್ದಾರೆ ಎಂದು ತೆಲುಗಿನಲ್ಲಿ ಗಂಡನಿಗೆ ತಿಳಿಸಿ, ನಮಗೆ ಕನ್ನಡದಲ್ಲಿ ಹೇಳಿದರು:

"ಇವತ್ತು ಅಮಾಸೆ ಅಲ್ವೇನ್ರಿ? ಅಮಾಸೆ ದಿನ ನಾವು ಮಗ್ಗಕ್ಕೆ ಕೈ ಹಚ್ಚಲ್ಲ."

ನಿಂಬೆಹಣ್ಣು, ಮೆಣಸಿನಕಾಯಿ ಆಗ ನೆನಪಾದವು. ಕ್ಯಾಲೆಂಡರಿನ ಆ ಅಂಕಿಯ ಮೂಲೆಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಕರಿ ಚುಕ್ಕೆ ಇದ್ದಿರಲೇಬೇಕು. ನಮ್ಮ ಮನೆಯಲ್ಲಿ ಅಮಾವಾಸ್ಯೆ, ಹುಣ್ಣಿಮೆ ನೋಡುತ್ತಿದ್ದವರು ಅತ್ತಿಗೆ. ಅವರು ಈಗ ಆ ಚುಕ್ಕೆ ನೋಡಲಾರರು. ನಾನು ಕಾನ್ವೆಂಟಿನಲ್ಲಿ ಬೆಳೆದ ಭಾನುವಾರದವಳು. ಕೆಂಪು ಬಿಟ್ಟು ಬೇರೆ ರಜೆ ಕಣ್ಣಿಗೆ ಬೀಳುವುದಿಲ್ಲ.

"ಪಾಸ್ ಐತಲ್ಲಮ್ಮಾ," ಎಂದ ಡ್ರೈವರ್.

"ಪಾಸ್ ತೋರ್ಸಿದ್ರೆ ಅಮಾಸೆ ಎದ್ದು ಹೋಗ್ತದೇನಪ್ಪಾ? ನಿಂಗೆ ಗೊತ್ತಿರ್ಲಿಲ್ವಾ?"

"ಅಮಾಸೆ ಗೊತ್ತು. ಮಗ್ಗಕ್ಕೂ ರಜಾ ಅಂತ ನಮ್ಮ ಚಳ್ಳಕೆರೇಲಿ ಯಾರಿಗ್ ಗೊತ್ತು?"

ಆಕೆ ನಮ್ಮನ್ನು ಒಳಗೆ ಕೂರಿಸಿ ನೀರು ಕೊಟ್ಟರು. ನೆಲದ ಗುಣಿಯ ಮೇಲೆ ಮಗ್ಗ, ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ, ಅದರ ಮೇಲೊಂದು ಬಟ್ಟೆ. ಮಗ್ಗದ ಮರಕ್ಕೆ ಅರಿಶಿನ, ಕುಂಕುಮ, ಒಂದು ಹೂವು. ಬಟ್ಟೆ ಸರಿಸಿ ತೋರಿಸಿದರು. ಅತ್ತಿಗೆ ಬಗ್ಗಿ ನೋಡಿದರು, ಕತ್ತು ಆಚೆ ಈಚೆ ತಿರುಗಿಸಿದರು. ಕೋಣೆಯಲ್ಲಿ ಬೆಳಕು ಸಾಲದು.

"ಚೆಂದ ಐತೆ ಬಿಡು," ಎಂದರು. ಏನೂ ಕಾಣಲಿಲ್ಲ ಎಂದು ಆ 'ಬಿಡು' ಕೇಳಿಯೇ ನನಗೆ ಗೊತ್ತಾಯಿತು.

"ಇಲ್ಲಿ ಬೆಳಕು ಯಾವಾಗ ಚೆನ್ನಾಗಿರುತ್ತೆ?" ಎಂದು ಆಕೆಯನ್ನು ಕೇಳಿದೆ.

"ಬೆಳಿಗ್ಗೆ. ಆ ಕಿಟಕಿ ಮೂಡಲಕ್ಕೆ ಐತಲ್ರಿ, ಬಿಸ್ಲು ಸೀದಾ ಮಗ್ಗದ ಮೇಲೇ ಬೀಳ್ತದೆ. ನಾಳೆ ನಮ್ಮೋರು ಬೇಗ ಕೂತ್ಕೋತಾರೆ."

"ನಾಳೆ ಬರ್ತೀವಿ."

ಡ್ರೈವರ್ ತಲೆ ಕೆರೆದ. "ಅಮ್ಮಾರೇ, ನಾಳೆ ಈ ಪಾಸ್ ನಡೆಯಂಗಿಲ್ಲ."

"ನಡೆಯೋದು ಬೇಡಪ್ಪಾ. ನೀನು ಹೊರಡು."

ಅತ್ತಿಗೆ ಗಾಬರಿಯಾದರು. "ಇಲ್ಲಿ ಎಲ್ಲಿ ಉಳ್ಕೊಳ್ಳೋದೇ? ಉಡಕ್ಕೆ ಇನ್ನೊಂದು ಸೀರೆ ತಂದಿಲ್ಲ. ಇನ್ನೊಂದ್ಸಲ ಬಂದ್ರಾಯ್ತು, ಹಟ ಮಾಡ್ಬ್ಯಾಡ."

"ಕಣ್ಣಿನ ಡ್ರಾಪ್ಸ್ ತಂದಿದ್ದೀರಿ ತಾನೇ?"

"ತಂದಿದೀನಿ."

"ಹಾಗಾದ್ರೆ ಎಲ್ಲಾ ತಂದ ಹಾಗೇ. ಇನ್ನೊಂದ್ಸಲ ಅನ್ನೋ ಮಾತನ್ನ ನಾನು ನಂಬಲ್ಲ ಅತ್ತಿಗೆ."

ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಲಾಡ್ಜ್ ಸಿಕ್ಕಿತು. ಮಂಚ ಗಟ್ಟಿ, ಫ್ಯಾನಿಗೆ ಕೆಮ್ಮು. ಕಾನ್ವೆಂಟಿನ ಹಾಸ್ಟೆಲ್ ಬಿಟ್ಟ ಮೇಲೆ ಹೀಗೆ ಹೇಳದೆ ಕೇಳದೆ ಎಲ್ಲೂ ಉಳಿದವಳಲ್ಲ ನಾನು.

ಬೆಳಿಗ್ಗೆ, ಉಟ್ಟ ಸೀರೆಯನ್ನೇ ಕೊಡವಿ ಸರಿಮಾಡಿಕೊಂಡು ಹೊರಟೆವು. ಬೀದಿಯ ತುದಿಯಲ್ಲೇ ಸದ್ದು ಕೇಳಿಸಿತು. ಒಂದು ಮನೆಯದ್ದಲ್ಲ, ಇಡೀ ಬೀದಿಯದ್ದು. ಅತ್ತಿಗೆ ನನ್ನ ಕೈ ಬಿಟ್ಟು ಮುಂದೆ ನಡೆದರು.

ಆಕೆ ಹೇಳಿದಂತೆಯೇ ಬಿಸಿಲು ಕಿಟಕಿಯಿಂದ ಇಳಿದು ಮಗ್ಗದ ಮೇಲೆ ಬಿದ್ದಿತ್ತು. ಆಕೆಯ ಗಂಡ ಗುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಿದ್ದರು. ಆಕೆ ಅತ್ತಿಗೆಗೆ ಪಕ್ಕದಲ್ಲೇ ಮಣೆ ಹಾಕಿದರು. ಅತ್ತಿಗೆ ತಮ್ಮ ಬಳೆಯನ್ನು ಹೊಂದಿಸಿಕೊಳ್ಳುವವರಂತೆ ಕತ್ತನ್ನು ಸ್ವಲ್ಪ ಸ್ವಲ್ಪವೇ ಆಡಿಸಿ, ಕೊನೆಗೆ ಒಂದು ಕಡೆ ನಿಲ್ಲಿಸಿದರು.

ಕೆಂಪು ಒಡಲು, ಹಸಿರು ಅಂಚು. ನೂಲಿನ ಸುರುಳಿ ಹೊಟ್ಟೆಯಲ್ಲಿಟ್ಟುಕೊಂಡ ಲಾಳಿ ಎಳೆಗಳ ನಡುವೆ ಓಡಿ ಅತ್ತಿಗೆಯ ಕಣ್ಣಿಂದ ಆಚೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು.

"ಹೋಯ್ತು," ಎಂದರು ಮೆಲ್ಲಗೆ. "ಬಂತು. ಹೋಯ್ತು."

ನೇಯುತ್ತಿದ್ದವರು ಕೈ ತಡೆದು, "ಎಲ್ಲಿ ಕಾಣಲ್ಲ ಹೇಳ್ರಿ ಅಮ್ಮಾ, ನಿಧಾನ ಮಾಡ್ತೀನಿ," ಎಂದರು.

"ನಿಧಾನ ಬ್ಯಾಡ. ನೀವು ದಿನಾ ಮಾಡೋ ಹಂಗೇ ಮಾಡ್ರಿ. ಅದು ವಾಪಸ್ ಬಂದೇ ಬರ್ತದಲ್ಲ, ನಾನು ಇಲ್ಲೇ ಕಾಯ್ತಿರ್ತೀನಿ."

ಅಂಚಿನಲ್ಲಿ ಒಂದು ಹಕ್ಕಿಯ ಕೊಕ್ಕು ಮೂಡಿತು, ಆಮೇಲೆ ಕತ್ತು. ಹಕ್ಕಿ ಪೂರಾ ಆಗುವ ತನಕ ಅತ್ತಿಗೆ ಏಳಲಿಲ್ಲ. ಚಳ್ಳಕೆರೆಯ ಬಸ್ಸಿಗೆ ಹೊತ್ತಾಯಿತೆಂದು ನಾನೂ ಹೇಳಲಿಲ್ಲ.